ಮೊದಲು ಹೊಗೆ, ಆಮೇಲೆ ನೀರು

ನಾರಾಯಣಖೇಡದ ಆ ಹಳೆಯ ಜೂನಿಯರ್ ಕಾಲೇಜಿನ ಹಾಜರಿ ಪುಸ್ತಕದಲ್ಲಿ ಆತ್ಮಾರಾಮನ ಹೆಸರಿನ ಮುಂದೆ ಲ್ಯಾಬ್ ಅಟೆಂಡರ್ ಎಂದಿತ್ತು. ಬೆಂಚು ಒರೆಸಬೇಕು, ಗಾಜಿನ ನಳಿಕೆ ತೊಳೆಯಬೇಕು, ದೀಪಗಳಿಗೆ ಸ್ಪಿರಿಟ್ ತುಂಬಬೇಕು, ಅಷ್ಟೇ. ಹಾಜರಿ ಪುಸ್ತಕಕ್ಕೇನು ಗೊತ್ತು, ಮಣ್ಣು! ಮೂವತ್ತನಾಲ್ಕು ವರ್ಷದಲ್ಲಿ ಕೆಮಿಸ್ಟ್ರಿ ಕಲಿಸಲು ಹನ್ನೊಂದು ಮಂದಿ ಬಂದರು, ಹೋದರು. ಅವರಲ್ಲಿ ಅರ್ಧ ಮಂದಿಗೆ ಯಾವ ಬಾಟಲಿ ಯಾವ ಕಪಾಟಿನಲ್ಲಿದೆ ಎಂಬುದು ಹೋಗುವ ದಿನದವರೆಗೂ ತಿಳಿಯಲಿಲ್ಲ. ಹತ್ತನೇ ತರಗತಿಯಲ್ಲಿ ಎರಡು ಸಲ ಫೇಲಾದ ಆತ್ಮಾರಾಮ ಮಾತ್ರ ಕಣ್ಣು ಮುಚ್ಚಿಕೊಂಡು ಕೈ ಹಾಕಿ ಬೇಕಾದದ್ದನ್ನು ತೆಗೆದುಕೊಡುತ್ತಿದ್ದ. ಆ ಲ್ಯಾಬಿನ ಯಜಮಾನ ಅವನೇ ಎಂದು ಹುಡುಗರಿಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಅವನಿಗೆ ತುಸು ಹೆಚ್ಚೇ ಗೊತ್ತಿತ್ತು.

ಇದನ್ನೆಲ್ಲ ಅವನಿಗೆ ಕಲಿಸಿದವರು ವಿಜಯೇಂದ್ರ ಸರ್, ಆ ಲ್ಯಾಬಿನ ಮೊದಲ ಲೆಕ್ಚರರು. ಅವರು ತೀರಿಕೊಂಡು ಬಹಳ ವರ್ಷವಾಯಿತು. ಅವರು ಬಿಟ್ಟುಹೋದ ಒಂದು ಆಟವನ್ನು ಮಾತ್ರ ಆತ್ಮಾರಾಮ ದೇವರ ಪೂಜೆಯ ಹಾಗೆ ಪ್ರತಿ ವರ್ಷ ತಪ್ಪದೆ ನಡೆಸಿಕೊಂಡು ಬಂದಿದ್ದ. ಹೊಸ ಹುಡುಗರು ಲ್ಯಾಬಿಗೆ ಬಂದ ಮೊದಲ ದಿನ ಮೊಳದುದ್ದದ ಗಾಜಿನ ಕೊಳವೆಯನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ. ಅರ್ಧ ನೀರು, ಅದರ ಮೇಲೆ ಅರ್ಧ ಸೀಮೆಎಣ್ಣೆ. ರೇಷನ್ನಿನ ಸೀಮೆಎಣ್ಣೆ ನೀಲಿ ಬಣ್ಣದ್ದು, ಕೆಳಗಿನ ನೀರಿಗೆ ಬಣ್ಣವಿಲ್ಲ, ನಡುವೆ ದಾರ ಎಳೆದಂತೆ ಗೆರೆ. ಆಮೇಲೆ ಒಂದೊಂದಾಗಿ ಹಾಕುತ್ತ ಹೋಗುವನು. ಬೆಲ್ಲದ ಚೂರು ಎಣ್ಣೆಯಲ್ಲಿ ಹೋದದ್ದೇ ತಿಳಿಯದಂತೆ ಇಳಿದು, ನೀರು ಮುಟ್ಟಿದ ಮೇಲೆ ಕರಗಲು ಶುರುಮಾಡುವುದು. ಶಾಯಿಯ ಹನಿ ಎಣ್ಣೆಯೊಳಗೆ ಗುಂಡಾಗಿ ಉರುಳಿಕೊಂಡು ಬಂದು, ಗೆರೆಯ ಮೇಲೆ ಒಂದು ಗಳಿಗೆ ಕೂತು, ಟಪ್ಪನೆ ಒಡೆದು ನೀರಿಗೆಲ್ಲ ಹರಡುವುದು. ಅಯೋಡಿನ್ ಹರಳು ಮಾತ್ರ ಉಲ್ಟಾ, ಅದು ನೀರಿಗೆ ಹೋಗುವ ಮೊದಲೇ ಎಣ್ಣೆಯನ್ನು ನೇರಳೆ ಮಾಡಿಬಿಡುತ್ತಿತ್ತು.

ಕೊನೆಗೆ ಸೋಡಿಯಂ. ಚಾಕುವಿನಿಂದ ಬೆಣ್ಣೆಯಂತೆ ಕೊಯ್ಯಬಹುದಾದ ಲೋಹ ಅದು. ನೀರು ತಾಗಿದರೆ ಉರಿದೇಳುತ್ತದೆ, ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟರೆ ವರ್ಷಗಟ್ಟಲೆ ಸುಮ್ಮನೆ ಬಿದ್ದಿರುತ್ತದೆ. ತೊಗರಿ ಬೇಳೆಯಷ್ಟು ಚೂರನ್ನು ಕೊಳವೆಗೆ ಬಿಟ್ಟರೆ ಎಣ್ಣೆಯಲ್ಲಿ ನಿಧಾನ ಇಳಿದು ನೀರಿನ ಗೆರೆ ಮುಟ್ಟುವುದು, ಸುಯ್ಯೆಂದು ಗುಳ್ಳೆ ಕಟ್ಟಿಕೊಂಡು ಮೇಲೆ ಹಾರುವುದು, ಗುಳ್ಳೆ ಬಿಟ್ಟಮೇಲೆ ಮತ್ತೆ ಇಳಿಯುವುದು. ಹುಡುಗರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಎಲ್ಲ ಮುಗಿದ ಮೇಲೆ ಆತ್ಮಾರಾಮ ಬೇರೊಂದು ಬಾಟಲಿಯಲ್ಲಿ ನೀರು, ಎಣ್ಣೆ, ಸಾಬೂನು ಹಾಕಿ ಗಲಗಲ ಅಲ್ಲಾಡಿಸಿ ತೋರಿಸುವನು. ಹಾಲಿನಂಥ ಬಿಳಿ ನೀರು, ಗೆರೆ ಮಾಯ. "ನಡಕ ಸಬಕಾರ ಬಂತಂದ್ರ ನೀರ ಯಾವ್ದು ಎಣ್ಣಿ ಯಾವ್ದು ದೇವರಿಗೂ ತಿಳೀಯಂಗಿಲ್ಲ" ಎಂದು ಪ್ರತಿ ವರ್ಷ ಅದೇ ಮಾತು ಹೇಳುವನು, ಹುಡುಗರು ನಗುವರು.

ಈ ಆಟವನ್ನು ಪ್ರತಿ ವರ್ಷ ನೋಡುತ್ತಿದ್ದ ಇನ್ನೊಬ್ಬಳು ಗುಂಡಮ್ಮ. ಕಾಲೇಜಿನ ಕಸ ಹೊಡೆಯುವ ಹೆಂಗಸು, ತಾಂಡೂರಿನ ಕಡೆ ಪೆದ್ದೆಮುಲ್‌ನವಳು. ಗಂಡ ಸತ್ತ ಮೇಲೆ ಖೇಡದಲ್ಲಿದ್ದ ತಂಗಿಯ ಮನೆಗೆ ಬಂದು, ಹದಿನೇಳು ವರ್ಷದಿಂದ ಕಾಲೇಜಿನ ಕೆಲಸ ಹಿಡಿದಿದ್ದಳು. ಅದೂ ಪಕ್ಕಾ ನೌಕರಿಯಲ್ಲ, ಬಾಯಿಮಾತಿನ ಕೆಲಸ. ಬಾಗಿಲಲ್ಲಿ ಪೊರಕೆ ಹಿಡಿದು ನಿಂತು ಸೋಡಿಯಂ ಕುಣಿಯುವುದನ್ನು ನೋಡುವಾಗ ಅವಳ ಮುಖ ಮಕ್ಕಳ ಮುಖಕ್ಕಿಂತ ಎಳೆಯದಾಗಿ ಕಾಣುತ್ತಿತ್ತು. ಆತ್ಮಾರಾಮನೆಂದರೆ ಅವಳಿಗೆ ಅಣ್ಣ, ಗುರು, ಎಲ್ಲ. ಸೋಡಿಯಂ ಜಾಡಿ ಇಡುವ ಗಾಜಿನ ಕಪಾಟಿಗೆ ಒದ್ದೆ ಬಟ್ಟೆ ಮುಟ್ಟಿಸಬೇಡ ಎಂದು ಅವನು ಮೊದಲ ವರ್ಷ ಹೇಳಿದ್ದ, ಒಂದೇ ಸಲ. ಹದಿನೇಳು ವರ್ಷ ಅವಳು ಅದನ್ನು ಒಣ ಬಟ್ಟೆಯಿಂದಲೇ ಒರೆಸಿದಳು.

ಮುಂದೆ ರೇಷನ್ ಅಂಗಡಿಗೆ ಸೀಮೆಎಣ್ಣೆ ಬರುವುದು ನಿಂತಿತು. ಊರಿನವರಿಗೆ ಏನೂ ಅನ್ನಿಸಲಿಲ್ಲ, ಮನೆಮನೆಗೆ ಸಿಲಿಂಡರು ಬಂದಿತ್ತು. ಅನ್ನಿಸಿದ್ದು ಲ್ಯಾಬಿನ ಜಾಡಿಗೆ. ಸೋಡಿಯಂ ಜಾಡಿಯ ಎಣ್ಣೆ ಆರುತ್ತ ಆರುತ್ತ ಇಳಿಯಿತು, ಮೇಲಿನ ತುಂಡುಗಳ ತಲೆ ಹೊರಗೆ ಕಾಣತೊಡಗಿತು. ಆತ್ಮಾರಾಮ ಪ್ರಿನ್ಸಿಪಾಲ್ ಸೂರ್ಯಕಾಂತರಿಗೆ ಹೇಳಿದ. ನೋಡೋಣ ಎಂದರು. ಚೀಟಿ ಬರೆದುಕೊಟ್ಟ, ಚೀಟಿ ಮೇಜಿನ ಗಾಜಿನ ಕೆಳಗೆ ಹೋಗಿ ಕೂತಿತು. ಮೂರು ತಿಂಗಳು ಹೀಗೇ ಹೋಯಿತು. ಫೆಬ್ರವರಿಯಲ್ಲಿ ಪ್ರಾಕ್ಟಿಕಲ್ ಪರೀಕ್ಷೆ ಬಂತು, ಇನ್ನೆರಡು ದಿನಕ್ಕೆ ಹೊರಗಿನ ಪರೀಕ್ಷಕರು ಬರುತ್ತಾರೆ ಎಂದಾಗ ಅವನಿಗೆ ತಡೆಯಲಾಗಲಿಲ್ಲ. ಬೇರೆಯವರ ಕಣ್ಣಿಗೆ ತನ್ನ ಲ್ಯಾಬು ದರಿದ್ರ ಕಾಣಬಾರದು. ಮನೆಯಲ್ಲಿದ್ದ ಕೊನೆಯ ಎಣ್ಣೆಯನ್ನೇ ತರುತ್ತೇನೆ ಎಂದು ನಿರ್ಧರಿಸಿಬಿಟ್ಟ.

ಅವನ ಮನೆ ಮನೂರಿನಲ್ಲಿ. ಆ ಸೀಮೆಯ ಮನೆಗಳಲ್ಲಿ ಸೀಮೆಎಣ್ಣೆಗೆ ಒಂದು ರಿವಾಜು ಇತ್ತು. ರೇಷನ್ ಅಂಗಡಿಯವರು ಬ್ಯಾರಲ್ಲಿನಲ್ಲಿ ನೀರು ಬೆರೆಸುತ್ತಾರೆ ಎಂಬುದು ಎಲ್ಲರಿಗೂ ತಿಳಿದ ಮಾತು, ಅದಕ್ಕೆ ಜಗಳವಾಡುವವರು ಯಾರೂ ಇರಲಿಲ್ಲ. ಎಣ್ಣೆ ತಂದವರು ಡಬ್ಬಿಯನ್ನು ಮೂರು ದಿನ ಮೂಲೆಯಲ್ಲಿ ಅಲ್ಲಾಡಿಸದೆ ಇಡುವರು. ನೀರು ತಳಕ್ಕೆ ಕೂತ ಮೇಲೆ ಮೇಲಿನ ಚೊಕ್ಕ ಎಣ್ಣೆಯನ್ನು ಒಂದು ಡಬ್ಬಿಗೆ ಬಗ್ಗಿಸಿಕೊಳ್ಳುವರು. ನೀರು ಎಣ್ಣೆ ಎರಡೂ ಇದ್ದ ತಳವನ್ನು ಇನ್ನೊಂದು ಡಬ್ಬಿಗೆ ಸುರಿದಿಡುವರು, ಮಂಚದ ಕಾಲಿಗೆ ತಿಗಣೆ ಹತ್ತದಂತೆ ಹಚ್ಚಲು, ಮೋರಿಗೆ ಸುರಿಯಲು. ಆತ್ಮಾರಾಮನ ಹೆಂಡತಿ ಲಕ್ಷ್ಮಿಬಾಯಿ ಚೊಕ್ಕ ಎಣ್ಣೆಯ ಡಬ್ಬಿಯ ಕುತ್ತಿಗೆಗೆ ಹಳೆ ಸೀರೆಯ ಅಂಚು ಕಟ್ಟುತ್ತಿದ್ದಳು. ಮನೆಯ ಹೆಂಗಸರಿಗೆಲ್ಲ ಗೊತ್ತಿದ್ದ ಈ ಗುರುತು ಅವನಿಗೆ ಗೊತ್ತಿರಲಿಲ್ಲ. ಮನೆಯ ಎಣ್ಣೆಯ ಚಿಂತೆ ಅವನು ಯಾವತ್ತು ಮಾಡಿದ್ದ?

ಆ ಬೆಳಿಗ್ಗೆ ಲಕ್ಷ್ಮಿಬಾಯಿ ಹೊಲದ ಕಡೆ ಹೋಗಿದ್ದಳು. ಅಟ್ಟದ ಮೇಲೆ ಎರಡು ಡಬ್ಬಿ, ಒಂದಕ್ಕೆ ಸೀರೆಯ ಅಂಚು, ಒಂದು ಬೋಳು. ಅವನು ಎರಡನ್ನೂ ಕೈಯಲ್ಲಿ ತೂಗಿ ನೋಡಿ, ಭಾರ ಇದ್ದದ್ದು ತುಂಬಿದ್ದು ಎಂದುಕೊಂಡು ಬೋಳು ಡಬ್ಬಿ ಎತ್ತಿಕೊಂಡ. ಎಣ್ಣೆಗಿಂತ ನೀರು ಭಾರ ಎಂದು ಮೂವತ್ತನಾಲ್ಕು ವರ್ಷ ಊರ ಮಕ್ಕಳಿಗೆಲ್ಲ ತೋರಿಸಿದ ಪುಣ್ಯಾತ್ಮ! ಮುಚ್ಚಳ ತೆಗೆದು ನೋಡಿದ, ನೀಲಿ ಕಂಡಿತು, ವಾಸನೆ ಹೊಡೆಯಿತು. ನೀಲಿ ಅಂದರೆ ಚಿಮಣಿ ಎಣ್ಣೆ, ಆ ಸೀಮೆಯಲ್ಲಿ ಹುಟ್ಟಿದ ಯಾರ ಕಣ್ಣಾದರೂ ಅಷ್ಟಕ್ಕೇ ನಂಬುತ್ತದೆ.

ಮನೂರಿನಿಂದ ಖೇಡದವರೆಗೆ ಶೇರ್ ಆಟೋದಲ್ಲಿ ಡಬ್ಬಿ ಅವನ ಕಾಲ ನಡುವೆ ಕುಲುಕಿಕೊಂಡು ಬಂತು. ದಿನವಿಡೀ ಪರೀಕ್ಷೆಯ ತಯಾರಿ. ಮಧ್ಯಾಹ್ನವೇ ಜಾಡಿ ತುಂಬಿಟ್ಟಿದ್ದರೆ ಆಗುವುದು ಅವನ ಕಣ್ಣ ಮುಂದೆಯೇ ಆಗುತ್ತಿತ್ತು. ಸಂಜೆ ಐದಕ್ಕೆ ಹತ್ತು ನಿಮಿಷ ಇರುವಾಗ ಡಬ್ಬಿಯನ್ನು ಎತ್ತಿ, ಕೈಯಲ್ಲಿ ಒಮ್ಮೆ ಗಲಬರಿಸಿ, ಜಾಡಿಯ ಕುತ್ತಿಗೆಯವರೆಗೆ ಸುರಿದು ಬಿರಡೆ ಒತ್ತಿದ. ಹೊಸ ಎಣ್ಣೆ ಬಂದರೆ ರಾತ್ರಿಯಿಡೀ ಇಟ್ಟು ಬೆಳಿಗ್ಗೆ ಬಳಸುವುದು ವಿಜಯೇಂದ್ರ ಸರ್ ಹಾಕಿಕೊಟ್ಟ ಪದ್ಧತಿ. ಅವತ್ತು ಪುರಸೊತ್ತು ಇರಲಿಲ್ಲ, ರಸ್ತೆಯಲ್ಲಿ ಮನೂರಿನ ಆಟೋ ಹಾರ್ನ್ ಹೊಡೆಯುತ್ತಿತ್ತು. ಜಾಡಿಯೊಳಗೆ ಎರಡು ಗುಳ್ಳೆ ಎದ್ದದ್ದನ್ನು ಅವನು ಕಂಡ. ಗಾಳಿ ಇರಬೇಕು ಎಂದುಕೊಂಡು ಕಪಾಟು ಹಾಕಿ ಹೊರಟುಬಿಟ್ಟ.

ರಾತ್ರಿ ಊಟಕ್ಕೆಂದು ಕೈಕಾಲು ತೊಳೆಯುವಷ್ಟರಲ್ಲಿ ಫೋನು ಬಂತು. ಲ್ಯಾಬಿನಲ್ಲಿ ಸೋಡಿಯಂ ಜಾಡಿ ಸಿಡಿದಿತ್ತು. ಕಸ ಹೊಡೆಯಲು ಬಂದಿದ್ದ ಗುಂಡಮ್ಮನ ಮುಖಕ್ಕೆ ಗಾಜು ಹೊಡೆದು, ಅವಳನ್ನು ಜಹೀರಾಬಾದಿಗೆ ಒಯ್ದಿದ್ದರು, ಅಲ್ಲಿಂದ ಹೈದರಾಬಾದಿಗೆ ಒಯ್ಯಿರಿ ಎಂದಿದ್ದರಂತೆ. ಎಡಗಣ್ಣು ಉಳಿಯುವುದು ಕಷ್ಟ. ಅವನು ಫೋನು ಹಿಡಿದುಕೊಂಡೇ ನಿಂತಿದ್ದಾಗ ಲಕ್ಷ್ಮಿಬಾಯಿ ಒಳಗಿನಿಂದ ಬಂದು ಕೇಳಿದಳು.

"ಘಾಸ್ಲೇಟ್ ಎಣ್ಣಿ ಒಯ್ತೀನಿ ಅಂದಿದ್ರಿ, ಮತ್ತ ಅಂಚು ಕಟ್ಟಿದ ಡಬ್ಬಿ ಇಲ್ಲೇ ಅದಲ್ರಿ? ಆ ತಳದ ನೀರಿನ ಡಬ್ಬಿ ಎಲ್ಲಿ ಹೋತು?"

ಇಬ್ಬರಿಗೂ ಆ ಗಳಿಗೆಯಲ್ಲೇ ತಿಳಿದುಹೋಯಿತು. ಲಕ್ಷ್ಮಿಬಾಯಿ ಸೀರೆಯ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಆಮೇಲೆ ಆ ಮನೆಯಲ್ಲಿ ಆ ಮಾತು ಎಂದೂ ಬರಲಿಲ್ಲ.

ಹನ್ನೆರಡು ದಿನದ ಮೇಲೆ ಕಾಲೇಜಿನಲ್ಲಿ ವಿಚಾರಣೆ ನಡೆಯಿತು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಗುಂಡಮ್ಮ ಬಂದಿದ್ದಳು. ಅವಳು ನಡೆದದ್ದನ್ನು ನಡೆದ ಹಾಗೇ ಹೇಳಿದಳು. ಬಕೆಟ್ಟಿನಲ್ಲಿ ನೀರು ತುಂಬಿಕೊಂಡು ನೆಲ ಒರೆಸಲು ಬಂದೆ, ಕಪಾಟಿನ ಸಂದಿಯಿಂದ ಹೊಗೆ ಬರುತ್ತಿತ್ತು, ಬಾಗಿಲು ತೆಗೆದೆ, ಒಳಗೆ ಬೆಂಕಿ ಕಂಡಿತು, ಕೈಯಲ್ಲಿದ್ದ ನೀರು ಎರಚಿದೆ, ಆಗ ಢಮ್ಮೆಂದಿತು. ಅಷ್ಟೇ. ಕಮಿಟಿಯ ಹಿರಿಯರು ಕೇಳಿದ್ದು ಒಂದೇ, ನೀರು ಎರಚಿದೆಯೋ ಇಲ್ಲವೋ. ಎರಚಿದೆ ಎಂದಳು. ಬರೆದುಕೊಂಡರು. ಹೊಗೆ ಮೊದಲೇ ಬಂದಿತ್ತು ಎಂದು ಅವಳು ಮೂರು ಸಲ ಹೇಳಿದಳು. ಹೊಗೆ ತಾನಾಗಿ ಬರುತ್ತದೇನಮ್ಮ, ಒದ್ದೆ ಬಟ್ಟೆಯಲ್ಲಿ ಕಪಾಟು ಒರೆಸಿರಬೇಕು, ನೆನಪು ಮಾಡಿಕೋ ಎಂದರು. ಅಷ್ಟು ಮೆತ್ತಗೆ, ಅಷ್ಟು ಸಮಾಧಾನದಿಂದ ಹೇಳಿದರು. ಸಾಬೂನು ಹಾಕುವುದು ಅಂದರೆ ಅದು.

ಹೊಗೆ ಮೊದಲು ಏಕೆ ಬಂತು ಎಂದು ಆ ಕೋಣೆಯಲ್ಲಿ ಹೇಳಬಲ್ಲವನು ಒಬ್ಬನೇ ಇದ್ದ, ಗೋಡೆಗೆ ಒರಗಿಕೊಂಡು. ಸೂರ್ಯಕಾಂತರು ಅವನ ಕಡೆ ತಿರುಗಿದರು.

"ಜಾಡಿಗೆ ಎಣ್ಣಿ ನೀವೇ ಹಾಕಿದ್ರಲ್ಲ, ಎಣ್ಣಿ ಚಲೋ ಇತ್ತೇನ್ರಿ ಆತ್ಮಾರಾಮ?"

"ಚಲೋ ಇತ್ರಿ ಸರ್."

ಪ್ರಿನ್ಸಿಪಾಲರಿಗೂ ಆ ಉತ್ತರವೇ ಬೇಕಿತ್ತು. ಎಣ್ಣೆಯ ಮಾತು ಮುಂದುವರಿದರೆ ಗಾಜಿನ ಕೆಳಗೆ ಕೂತ ಚೀಟಿಯೂ ಹೊರಗೆ ಬರುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಎಲ್ಲರಿಗೂ ಅನುಕೂಲವಾಯಿತು. ಅಜಾಗರೂಕತೆ ಎಂದು ಬರೆದು ಗುಂಡಮ್ಮನನ್ನು ಕೆಲಸದಿಂದ ತೆಗೆದರು. ಪೊಲೀಸರಿಗೆ ಹೇಳಲಿಲ್ಲವಲ್ಲ ಎಂದು ಅವಳೇ ಕೈ ಮುಗಿದಳು.

ಆತ್ಮಾರಾಮನಿಗೆ ನಿವೃತ್ತಿಗೆ ಒಂಬತ್ತು ತಿಂಗಳು ಉಳಿದಿತ್ತು. ಅವನದು ಸರಕಾರಿ ಗ್ರಾಂಟಿನ ಹುದ್ದೆ, ವಿಚಾರಣೆ ತನ್ನ ಮೇಲೆ ಬಂದರೆ ಪಿಂಚಣಿಯ ಕಾಗದ ಅಲ್ಲೇ ನಿಲ್ಲುತ್ತದೆ ಎಂದು ಹೆದರಿದ್ದ. ಅದು ಖರೆ. ಆದರೆ ಪೂರ್ತಿ ಖರೆ ಅಲ್ಲ. ಪಿಂಚಣಿಗಿಂತ ಹೆಚ್ಚು ಅವನನ್ನು ಕಟ್ಟಿಹಾಕಿದ್ದು ಹೆಸರು. ನೀರಿಗೂ ಎಣ್ಣೆಗೂ ಫರಕು ತಿಳಿಯದವನು ಎನ್ನಿಸಿಕೊಳ್ಳಲು ಅವನಿಂದ ಆಗುತ್ತಿರಲಿಲ್ಲ. ಒಂದು ಹೆಂಗಸಿನ ಕಣ್ಣು ಹೋದರೂ ಪರವಾಗಿಲ್ಲ, ತನ್ನ ಕೈ ತಪ್ಪಿತು ಎನ್ನುವ ಮಾತು ಬೇಡ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅನ್ನುತ್ತಾರೆ. ಆ ದೊಣ್ಣೆ ಯಾರಿಗೆ ಬಿತ್ತು ಎಂದು ಯಾರೂ ಕೇಳುವುದಿಲ್ಲ ನೋಡಿ.

ಗುಂಡಮ್ಮ ಊರು ಬಿಟ್ಟು ಹೋಗಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಅವಳು ಹೋಗಲಿಲ್ಲ. ಕಾಲೇಜಿನ ಗೇಟಿನ ಎದುರೇ ಗೋಣಿತಟ್ಟು ಹಾಸಿ ಹುರಿದ ಶೇಂಗಾ ಮಾರಲು ಕೂತಳು. ಎಡಗಣ್ಣಿನ ರೆಪ್ಪೆ ಒಳಗೆ ಹೋಗಿ ಅಂಟಿತ್ತು. ದಿನಾ ಬೆಳಿಗ್ಗೆ ಅವನು ಆಟೋ ಇಳಿದರೆ ಮುಖ ಪೂರ್ತಿ ತಿರುಗಿಸಿ ಬಲಗಣ್ಣಿಗೆ ಅವನನ್ನು ತಂದುಕೊಂಡು ಆರಾಮ ಇದ್ದೀರೇನ್ರಿ ಅಣ್ಣಾರ ಎಂದು ಕೇಳುವಳು. ಅವನು ಹ್ಞೂಂ ಎಂದು ಒಳಗೆ ಹೋಗುವನು. ಹೊಸ ಹುಡುಗರು ಬಂದ ದಿನ ಆಟ ತೋರಿಸಿರಿ ಎಂದರು. ಕಾಲೇಜಿನವರು ಸೋಡಿಯಂ ಬಂದ್ ಮಾಡಿಸಿದ್ದಾರೆ ಎಂದು ಹೇಳಿ ತಪ್ಪಿಸಿಕೊಂಡ. ಬೆಲ್ಲಕ್ಕೆ, ಶಾಯಿಗೆ ಬಂದ್ ಇರಲಿಲ್ಲ. ಆ ಕೊಳವೆಯ ನಡುವಿನ ಗೆರೆ ನೋಡುವುದೇ ಅವನಿಗೆ ಬೇಡವಾಗಿತ್ತು.

ನವೆಂಬರಿನ ಕೊನೆಯ ದಿನ ಬೀಳ್ಕೊಡುಗೆ ನಡೆಯಿತು. ಅಂಗಳದಲ್ಲಿ ಪೆಂಡಾಲು, ಮೈಕು, ಶಾಲು, ಗಂಧದ ಹಾರ. ಮೂವತ್ತನಾಲ್ಕು ವರ್ಷದಲ್ಲಿ ಆತ್ಮಾರಾಮರ ಕೈಯಿಂದ ಒಂದು ಗಾಜಿನ ನಳಿಕೆಯೂ ಒಡೆದಿಲ್ಲ ಎಂದು ಸೂರ್ಯಕಾಂತರು ಭಾಷಣ ಮಾಡಿದರು, ಚಪ್ಪಾಳೆ ಬಿತ್ತು. ಅವನು ಎರಡು ಮಾತು ಹೇಳಲು ಎದ್ದು, ಎಲ್ಲರಿಗೂ ನಮಸ್ಕಾರ ಎಂದು ಕೂತುಬಿಟ್ಟ. ವಿನಯ ಎಂದರೆ ಇದು ಎಂದರು ಜನ. ಅವನ ಪಿಂಚಣಿಯ ಮಂಜೂರಿ ಕಾಗದ ಜೇಬಿನಲ್ಲಿತ್ತು. ಇನ್ನು ಅವನನ್ನು ಯಾರೂ ಏನೂ ಮಾಡುವಂತಿರಲಿಲ್ಲ.

ಶಾಲು ಹೊದ್ದು ಗೇಟಿನಿಂದ ಹೊರಗೆ ಬಂದಾಗ ಗುಂಡಮ್ಮ ಎದ್ದು ನಿಂತಳು. ಒಂದು ಪೊಟ್ಟಣ ಶೇಂಗಾ ಅವನ ಕೈಗಿಟ್ಟು ಕಾಲು ಮುಟ್ಟಲು ಬಗ್ಗಿದಳು. ಅವನು ಹಿಂದೆ ಸರಿದ.

"ನಿಮ್ಮ ಲ್ಯಾಬಿಗಿ ನನ್ನ ಕೈಯಿಂದ ಕೆಟ್ಟ ಹೆಸರ ಬಂತ್ರಿ ಅಣ್ಣಾರ," ಎಂದಳು. "ಹೊಗಿ ಮೊದಲ ಬಂತು ಅಂತ ನನಗ ನೆನಪಿತ್ತು. ಆದ್ರ ಎಲ್ಲಾರೂ ಇಲ್ಲ ಅಂದ್ರು. ನೀವೂ ಎಣ್ಣಿ ಚಲೋ ಇತ್ತು ಅಂದ್ರಿ. ನೀವು ಸುಳ್ಳ ಹೇಳ್ತೀರೇನು? ನಾನೇ ಒದ್ದಿ ಅರಬಿ ಹಚ್ಚಿರಬೇಕು. ತಲಿ ಸರಿ ಇಲ್ಲ ನಂದು, ದಿನಾ ನೆನಸ್ತೀನಿ, ತಿಳೀವಲ್ದು."

ಅವಳ ಒಂದೇ ಕಣ್ಣು ಅವನ ಮುಖದ ಮೇಲಿತ್ತು. ಒಂಬತ್ತು ತಿಂಗಳಿಂದ ಅವಳು ಬೈಯುತ್ತಾಳೆ, ಶಾಪ ಹಾಕುತ್ತಾಳೆ ಎಂದು ಅವನು ಹೆದರಿಕೊಂಡಿದ್ದ. ತನ್ನ ತಲೆಯನ್ನೇ ಅವಳು ಸುಳ್ಳು ಮಾಡಿಕೊಂಡಿದ್ದಾಳೆ ಎಂದು ಅವನಿಗೆ ತಿಳಿದಿರಲಿಲ್ಲ. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು.

"ನಿನ್ನ ತಲಿ ಸರಿ ಅದ, ಗುಂಡಮ್ಮ. ಹೊಗಿ ಮೊದಲ ಬಂತು. ನಾ ಹಾಕಿದ ಎಣ್ಣ್ಯಾಗ ನೀರಿತ್ತು."

ಡಬ್ಬಿಯ ಸಂಗತಿಯನ್ನು ಪೂರ್ತಿ ಹೇಳಿದ, ಸೀರೆಯ ಅಂಚು, ತಳದ ನೀರು, ಎರಡು ಗುಳ್ಳೆ, ಎಲ್ಲ. ಅವಳು ಅಳಲಿಲ್ಲ, ಬೈಯಲೂ ಇಲ್ಲ. ಗೇಟಿನ ಒಳಗೆ ನೋಡಿದಳು. ಪೆಂಡಾಲಿನ ಕೆಳಗೆ ಜನ ಉಪ್ಪಿಟ್ಟು ತಿನ್ನುತ್ತಿದ್ದರು.

"ಮೈಕ್ ಇನ್ನಾ ಬಿಚ್ಚಿಲ್ರಿ," ಎಂದಳು. "ಹೋಗಿ ಅಷ್ಟೇ ಹೇಳ್ರಿ. ಹೊಗಿ ಮೊದಲ ಬಂತು, ನೀರ ಆಮ್ಯಾಲ. ನೌಕರಿ ಬ್ಯಾಡ, ಏನೂ ಬ್ಯಾಡ. ನಾ ಇಲ್ಲೇ ಕೂತು ಕೇಳ್ತೀನಿ."

ಅವನು ಹೋದ. ನಿಜವಾಗಿಯೂ ಹೇಳಬೇಕೆಂದೇ ಹೋದ, ಅಷ್ಟು ಮಟ್ಟಿಗೆ ಅವನನ್ನು ನಂಬಬೇಕು. ಗೇಟಿನಿಂದ ಪೆಂಡಾಲಿಗೆ ನಲವತ್ತು ಹೆಜ್ಜೆ. ವೇದಿಕೆಯ ಹತ್ತಿರ ಮೈಕಿನವನು ವೈರು ಸುತ್ತಲು ಶುರುಮಾಡಿದ್ದ, ಮೈಕಿನ ಕಂಬದ ಮೇಲಿನ ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ಹುಡುಗರು ದಾರಿ ಬಿಟ್ಟುಕೊಟ್ಟು ನಮಸ್ಕಾರ ಸಾರ್ ಎಂದರು. ಸೂರ್ಯಕಾಂತರು ತಟ್ಟೆ ಹಿಡಿದೇ ಎದ್ದು ಬಂದು, ಏನ್ರಿ ಆತ್ಮಾರಾಮ, ಏನರೆ ಮರ್ತೀರೇನು ಎಂದು ಪ್ರೀತಿಯಿಂದ ಕೇಳಿದರು.

"ಬುತ್ತಿ ಡಬ್ಬಿ ಮರ್ತಿದ್ದೆ ಸರ್" ಎಂದ.

ಬುತ್ತಿ ಡಬ್ಬಿ ಅವನ ಕೈಯಲ್ಲೇ ಇತ್ತು. ಸೂರ್ಯಕಾಂತರು ಅದನ್ನು ತೋರಿಸಿದರು, ಸುತ್ತ ಇದ್ದವರೆಲ್ಲ ನಕ್ಕರು, ರಿಟೈರಾದ ಮೊದಲ ದಿನವೇ ಮರೆವು ಬಂತು ಎಂದರು. ಅವನೂ ನಕ್ಕ. ನಗುತ್ತಲೇ ಲ್ಯಾಬಿನ ಕಡೆ ನಡೆದು, ಅದರ ಹಿಂದಿದ್ದ ಸಣ್ಣ ಗೇಟಿನಿಂದ ರಸ್ತೆಗೆ ಬಿದ್ದ.

ಮನೂರಿನ ಆಟೋ ತುಂಬಿಕೊಂಡು ಕಾಲೇಜಿನ ಮುಂದಿನಿಂದಲೇ ಹೋಯಿತು. ಅವನು ನಡುವೆ ಕೂತಿದ್ದ, ಶಾಲನ್ನು ಮಡಚಿ ಶೇಂಗಾ ಪೊಟ್ಟಣದ ಮೇಲೆ ಇಟ್ಟುಕೊಂಡಿದ್ದ. ಗೇಟಿನ ಎದುರು ಗುಂಡಮ್ಮ ಗೋಣಿತಟ್ಟಿನ ಮೇಲೆ ನೆಟ್ಟಗೆ ಕೂತಿದ್ದಳು. ಯಾರೋ ಶೇಂಗಾ ಕೇಳಿದ್ದಕ್ಕೆ ಸ್ವಲ್ಪ ತಡೆ ಎಂದು ಕೈ ಮಾಡಿ, ಬಲಗಡೆಯ ಕಿವಿಯನ್ನು ಪೆಂಡಾಲಿನ ಕಡೆ ಕೊಟ್ಟು ಕಾಯುತ್ತಿದ್ದಳು. ಆಟೋ ಅವಳ ಎಡಗಡೆಯಿಂದ ಹಾದುಹೋಯಿತು, ಅವಳಿಗೆ ಕಾಣಲಿಲ್ಲ.